ಬಿಗಿಯಾದ ತೋಳು

ಭಾರತೀನಗರದ ಉಡುಪು ವಿನ್ಯಾಸ ತರಗತಿಯಲ್ಲಿ ಮೇಡಮ್ಮು, ಮನೆಯವರೊಬ್ಬರ ಅಳತೆ ತೆಗೆದು ರವಿಕೆ ಹೊಲಿದು ತರುವಂತೆ ಸಿಂಚನಾಗೆ ಹೇಳಿದ್ದರು. ಮನೆಯಲ್ಲಿದ್ದ ಹೆಂಗಸೆಂದರೆ ಚಿಕ್ಕಮ್ಮ ಪವಿತ್ರ ಒಬ್ಬಳೇ. ತಾಯಿ ತೀರಿಕೊಂಡ ಮೇಲೆ ಅಪ್ಪ ಮದುವೆಯಾಗಿ ಕರೆತಂದವಳು. ಊಟ ಆಯ್ತಾ, ಬಸ್ಸು ಬಂತಾ ಎನ್ನುವುದು ಬಿಟ್ಟರೆ ಇಬ್ಬರ ನಡುವೆ ಬೇರೆ ಮಾತಿರಲಿಲ್ಲ.

"ವಸಿ ನೆಟ್ಟಗೆ ನಿಂತ್ಕೊಳಿ," ಎಂದಳು ಸಿಂಚನಾ, ಟೇಪು ಹಿಡಿದು. ಪವಿತ್ರ ಸೆರಗಿಗೆ ಕೈ ಒರೆಸಿಕೊಂಡು ಬಂದು ನಿಂತಳು. ಅವಳನ್ನು ಸಿಂಚನಾ ಮುಟ್ಟಿದ್ದು ಅದೇ ಮೊದಲು. ಮುಜುಗರದಲ್ಲಿ ಅವಸರ ಮಾಡಿ ತೋಳಿನ ಅಳತೆಯನ್ನು ತಪ್ಪಾಗಿ ತೆಗೆದಳು.

ಭಾನುವಾರ ನೆಂಟರ ಗೃಹಪ್ರವೇಶಕ್ಕೆ ಪವಿತ್ರ, ಸಿಂಚನಾ ಹೊಲಿದುಕೊಟ್ಟ ಆ ರವಿಕೆಯನ್ನೇ ತೊಟ್ಟು ಅವಳ ಜೊತೆ ಹೊರಟಳು. ಮದ್ದೂರಿನ ಬಸ್ಸಿನಲ್ಲಿ ಕಂಬಿ ಹಿಡಿಯಲು ಪವಿತ್ರಳ ಕೈ ಮೇಲೇಳಲಿಲ್ಲ. ತೋಳಿನ ಅಂಚು ಕಚ್ಚಿ ಚರ್ಮ ಕೆಂಪಾಗಿತ್ತು.

"ಬಿಗಿ ಅಂತ ಯಾಕೆ ಯೋಳ್ನಿಲ್ಲ?" ಎಂದಳು ಸಿಂಚನಾ.

"ಬುಡು ಕಣಮ್ಮಿ. ಯೋಳುದ್ರೆ ವಾಪಸ್ ಇಸ್ಕೊಂಡ್ಬುಟ್ಟಿಯೇನೋ ಅಂತ ಸುಮ್ಕಿದ್ದೆ."

ಬಸ್ಸಿಳಿದ ಕೂಡಲೇ ಸಿಂಚನಾ ಅವಳನ್ನು ನಿಲ್ದಾಣದ ಮೂಲೆಯ ಬೆಂಚಿನಲ್ಲಿ ಕೂರಿಸಿ, ಬ್ಯಾಗಿನಿಂದ ಪುಟ್ಟ ಕತ್ತರಿ ತೆಗೆದಳು. ಬಟ್ಟೆಗೂ ಚರ್ಮಕ್ಕೂ ನಡುವೆ ತನ್ನ ಬೆರಳು ತೂರಿಸಿ, ತೋಳಿನ ಹೊಲಿಗೆಯನ್ನು ಮೆಲ್ಲಗೆ ಬಿಚ್ಚತೊಡಗಿದಳು.

"ಒಳುಗಡೆ ಸಡ್ಲುಕ್ಕೆ ಇನ್ನೊಂದು ಒಲ್ಗೆ ಅದೆ, ತೋಳು ಬಿಟ್ಕೊಳಲ್ಲ. ಅಲ್ಲಾಡ್ಬೇಡ ಚಿಕ್ಕಮ್ಮ, ಚುಚ್ಬುಡುತ್ತೆ."

ಪವಿತ್ರ ಉಸಿರು ಬಿಗಿಹಿಡಿದು ಕೂತಳು. ಎರಡೂ ತೋಳು ಸಡಿಲವಾದ ಮೇಲೆ, ಸಿಂಚನಾಳ ಕೆನ್ನೆಗೆ ಅಂಟಿದ್ದ ನೂಲಿನ ಎಳೆಯನ್ನು ತೆಗೆದು, "ಮುಂದ್ಲು ಸಲ ಕತ್ತು ವಸಿ ಅಗ್ಲ ಇಡು," ಎಂದಳು.

ಗೃಹಪ್ರವೇಶಕ್ಕೆ ಇಬ್ಬರೂ ತಡವಾಗಿಯೇ ಹೋದರು, ದಾರಿಯುದ್ದಕ್ಕೂ ಮಾತಾಡಿಕೊಂಡು.