ಮೂರನೆಯ ಪ್ಲಗ್

ಊಟ ಮುಗಿಸಿ ಬಂದು ಕಾರು ಸ್ಟಾರ್ಟ್ ಮಾಡಿದೆ. ಇಂಜಿನ್ ಗಡಗಡ ನಡುಗಿತು. ನನ್ನ ಮೊದಲ ಅನುಮಾನ ಹೋಗಿದ್ದು ಚಿಕ್ಕಪ್ಪನ ಮೇಲೆ. ಎರಡನೆಯದೂ ಅವನ ಮೇಲೆಯೇ.

ಬೆಳಿಗ್ಗೆಯಷ್ಟೇ ಆ ಕಾರಿನ ಆರು ಸ್ಪಾರ್ಕ್ ಪ್ಲಗ್, ಅವುಗಳ ತಲೆಯ ಮೇಲೆ ಕೂತು ಕಿಡಿಗೆ ಕರೆಂಟು ಕೊಡುವ ಆರು ಇಗ್ನಿಷನ್ ಕಾಯಿಲ್, ಎಲ್ಲವನ್ನೂ ಬದಲಾಯಿಸಿದ್ದೆ. ಅದು ಸಾಧಾರಣ ಕಾರಲ್ಲ, ಕಾಲು ಮುಟ್ಟಿಸಿದರೆ ಸಾಕು ಹಾರುವಂಥದ್ದು. ಅಂಥ ಇಂಜಿನ್ನಿಗೆ ಅಂದಾಜಿನ ಕೆಲಸ ನಡೆಯುವುದಿಲ್ಲ. ಬಿಗಿತ ಅಳೆಯುವ ಟಾರ್ಕ್ ರೆಂಚ್ ಟಕ್ ಎನ್ನುವ ತನಕ ಬಿಗಿದು ಕೈ ಬಿಟ್ಟಿದ್ದೆ. ಒಂದು ಸುತ್ತು ಓಡಿಸಿದಾಗ ಬೆಣ್ಣೆಯ ಹಾಗೆ ಹೋಗಿತ್ತು.

"ಈ ಗಾಡಿ ಸರಿಯಾಗಿ ಹೊರಗೆ ಹೋದ್ರೆ ನಾಳೆಯಿಂದ ಗ್ಯಾರೇಜು ನಿಂದು. ನಾನು ಮನೇಲಿ ಕೂತ್ಕೋತೀನಿ" ಎಂದಿದ್ದ ಅಪ್ಪ. ಚಿಕ್ಕಪ್ಪ ಅಲ್ಲೇ ಯಾವುದೋ ಚಕ್ರ ಬಿಚ್ಚುತ್ತಿದ್ದ. ತುಟಿ ಪಿಟಕ್ಕೆನ್ನಲಿಲ್ಲ. ಅಣ್ಣನ ಜೊತೆ ಇಷ್ಟು ವರ್ಷ ದುಡಿದವನು ಗ್ಯಾರೇಜು ತನಗೇ ಬರುತ್ತದೆ ಎಂದುಕೊಂಡಿರದೆ ಇರುತ್ತಾನೆಯೇ? ಮೊದಲೇ ಗುಮ್ಮನಗುಸುಕ. ಸುಮ್ಮನಿರುವವರನ್ನು ಕಂಡರೆ ನನಗೆ ಆಗುವುದೇ ಇಲ್ಲ.

ಸ್ಕ್ಯಾನರ್ ಸಿಕ್ಕಿಸಿದೆ. ಮೂರನೆಯ ಸಿಲಿಂಡರ್ ಕಿಡಿ ತಪ್ಪಿ ಮಿಸ್ ಹೊಡೆಯುತ್ತಿತ್ತು. ಮೂರರ ಕಾಯಿಲ್ ಐದಕ್ಕೆ, ಐದರದ್ದು ಮೂರಕ್ಕೆ ಹಾಕಿ ನೋಡಿದೆ. ಕಾಯಿಲ್ ಕೆಟ್ಟಿದ್ದರೆ ಕಾಯಿಲೆಯೂ ಅದರ ಬೆನ್ನು ಹತ್ತಿ ಐದಕ್ಕೆ ಹೋಗಬೇಕು. ಹೋಗಲಿಲ್ಲ, ಮೂರರಲ್ಲೇ ಬೀಡುಬಿಟ್ಟಿತ್ತು. ಅಂದರೆ ಪ್ಲಗ್ಗೇ.

"ನಾನು ಊಟಕ್ಕೆ ಹೋದಾಗ ಇಲ್ಲಿ ಯಾರಿದ್ರು?"

"ನಾನಿದ್ದೆ" ಎಂದ ಚಿಕ್ಕಪ್ಪ, ತಲೆ ಎತ್ತದೆ.

"ಬಾನೆಟ್ ತೆಗ್ದಿದ್ದು ಯಾರು?"

"ಮೊದ್ಲು ಪ್ಲಗ್ ಬಿಚ್ಚಿ ನೋಡು ಪುಟ್ಟಿ."

"ಪುಟ್ಟಿ ಗಿಟ್ಟಿ ಎಲ್ಲಾ ಬೇಡ. ಹೊಟ್ಟೆಕಿಚ್ಚಿದ್ರೆ ಎದುರಿಗೇ ಹೇಳು. ಬೆನ್ನ ಹಿಂದೆ ಯಾಕೆ ಕೈಯಾಡಿಸ್ತೀಯ?"

ಅವನ ಕೈ ನಿಂತಿತು. ಮುಖ ಇಷ್ಟೇ ಇಷ್ಟಾಯಿತು. ಸಿಕ್ಕಿಬಿದ್ದ ಕಳ್ಳನ ಮುಖ ಎಂದೇ ತೀರ್ಮಾನಿಸಿದೆ. ಒಳಗೊಳಗೇ ಖುಷಿಯೂ ಆಯಿತು.

ಇಂಜಿನ್ ತಣ್ಣಗಾಗುವ ತನಕ ಅವನ ಮೇಲೆ ಒಂದು ಕಣ್ಣಿಟ್ಟೇ ಕಾದೆ. ಆಮೇಲೆ ಬಿಚ್ಚಲು ಹೋದರೆ ಪ್ಲಗ್ ಜಪ್ಪಯ್ಯ ಎಂದರೂ ಅಲುಗಲಿಲ್ಲ. ನಾನು ಅಷ್ಟು ಬಿಗಿದೇ ಇರಲಿಲ್ಲ. ಕೊನೆಗೆ ಹೊರಗೆ ಬಂದಾಗ ಅದರ ಬಿಳಿ ಪಿಂಗಾಣಿಯ ಮೇಲೆ ಕೂದಲೆಳೆಯಷ್ಟು ಬಿರುಕು, ಥ್ರೆಡ್ಡಿನ ತುಂಬ ಗ್ರೀಸು.

ಈ ಪ್ಲಗ್ಗಿಗೆ ಗ್ರೀಸು ಹಚ್ಚಬಾರದು. ಹಚ್ಚಿದರೆ ಸಲೀಸಾಗಿ ತಿರುಗಿ, ಬೇಕಾದ್ದಕ್ಕಿಂತ ಹೆಚ್ಚು ಬಿಗಿದು ಪಿಂಗಾಣಿ ಬಿರಿಯುತ್ತದೆ. ಯಾವ ಪ್ಲಗ್ಗಿಗಾದರೂ ಗ್ರೀಸು ಸವರಿ, ರೆಂಚನ್ನು ನಂಬದೆ, ಕೈಯಂದಾಜಿನಲ್ಲೇ ಕೊನೆಗೊಂದು ಸಲ ಜಗ್ಗುವವನು ನಮ್ಮಲ್ಲಿ ಒಬ್ಬನೇ. ಅವನು ಚಿಕ್ಕಪ್ಪ ಅಲ್ಲ.

ಪ್ಲಗ್ ಹಿಡಿದು ಮುಂದಿನ ಕೋಣೆಗೆ ಹೋದೆ. ಅಪ್ಪ ಅದನ್ನು ನೋಡಿದ, ನನ್ನನ್ನು ನೋಡಲಿಲ್ಲ.

"ಸುಮ್ನೆ ಒಂದ್ಸಲ ನೋಡೋಣ ಅಂತ ಬಿಚ್ದೆ."

"ಇವತ್ತು ಮಾತ್ರಾನಾ?"

ಅಪ್ಪ ಒರೆಸಿದ ಮೇಜನ್ನೇ ಮತ್ತೆ ಒರೆಸಿದ. "ನೀನು ಮಾಡಿದ್ದೆಲ್ಲಾ ನೋಡ್ತೀನಿ. ನೀನು ಆಚೆ ಹೋದಾಗ."

"ಎಷ್ಟು ತಪ್ಪು ಸಿಕ್ತು?"

ಅಪ್ಪ ಒರೆಸುವ ಬಟ್ಟೆ ಮಡಿಸಿಟ್ಟ. "ಒಂದೂ ಇಲ್ಲ" ಎಂದ.

ಅಳು ಉಕ್ಕಿ ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ವಾಪಸ್ ಹೋಗಿ ಬೇರೆ ಪ್ಲಗ್ ಹಾಕಿದೆ. ಸಂಜೆ ಕಾರು ಒಂದು ಚೂರೂ ನಡುಗದೆ ಗೇಟು ದಾಟಿತು. ಅಪ್ಪ ಗ್ಯಾರೇಜಿನ ಕೀಲಿಕೈ ನನ್ನ ಅಂಗೈಯಲ್ಲಿಟ್ಟು ಒಳಗೆ ಹೋದ.

ಚಿಕ್ಕಪ್ಪ ಕೈ ತೊಳೆಯುತ್ತಿದ್ದ.

"ಅಪ್ಪನೇ ಬಿಚ್ಚಿದ್ದು ಅಂತ ನಿಂಗೆ ಗೊತ್ತಿತ್ತಲ್ಲ. ಯಾಕೆ ಹೇಳ್ಲಿಲ್ಲ?"

"ನಾನು ಹೇಳಿದ್ರೆ ನೀನು ನಂಬ್ತಿದ್ಯಾ?"

ಕೀಲಿಕೈ ಹಿಡಿದು ನಿಂತೇ ಇದ್ದೆ. ಖಂಡಿತ ನಂಬುತ್ತಿರಲಿಲ್ಲ.