ಹತ್ತನೇ ತರಗತಿಯ ಹನ್ನೊಂದು ಬೆಂಚು

"ನಿನ್ನ ತಲೇಲಿ ಬರೀ ಮರದ ಹೊಟ್ಟು ತುಂಬಿದೆ ಕಣೋ! ನೂರಕ್ಕೆ ನೂರು ರಿಸಲ್ಟು ಅಂದ್ರೆ ಏನೂಂತ ಗೊತ್ತಾ ನಿಂಗೆ?"

ಅಣ್ಣ ಮೇಜು ಗುದ್ದಿದ. ಇನ್ನೂ ಪಾಲಿಶ್ ಒಣಗದ ಮೇಜು. ಬಡಗಿ ತಮ್ಮನಿಗೆ ಮೈಯೆಲ್ಲ ಉರಿಯಿತು.

"ಮೊದಲು ಕೈ ತೆಗಿ. ಗಿರಾಕಿ ಮಾಲು ಅದು."

ಅಣ್ಣ ಪಕ್ಕದ ಜಿಲ್ಲೆಯ ಸರ್ಕಾರಿ ಹೈಸ್ಕೂಲಿನಲ್ಲಿ ಗುಮಾಸ್ತ. ತಮ್ಮನ ಮಗಳನ್ನು ಒಂಬತ್ತನೇ ತರಗತಿಗೆ ಅಲ್ಲಿಗೇ ಸೇರಿಸಬೇಕೆಂದು ಅರ್ಜಿಯನ್ನು ತಾನೇ ತುಂಬಿ ತಂದಿದ್ದ. ಬಡಗಿಯ ಸಹಿಯೊಂದು ಬಾಕಿ. ನಾಳೆಯೇ ಕೊನೆಯ ದಿನ. ಅರ್ಜಿಯ ಜೊತೆಗೆ ಎರಡೂ ಜಿಲ್ಲೆಗಳ ಹತ್ತನೇ ತರಗತಿ ಫಲಿತಾಂಶ ಅಚ್ಚಾಗಿದ್ದ ಪತ್ರಿಕೆಯ ತುಣುಕು: ಅವರ ಶಾಲೆ ನೂರು, ಇಲ್ಲಿಯದು ಅರವತ್ತೆಂಟು.

"ಲೆಕ್ಕದಲ್ಲಿ ನೂರಕ್ಕೆ ಹದಿನೇಳು ತಗೊಂಡಿದಾಳೆ ನಿನ್ನ ಮಗಳು. ಈ ಅರವತ್ತೆಂಟರ ಸ್ಕೂಲಲ್ಲೇ ಇದ್ರೆ ಉದ್ಧಾರ ಆದ್ಹಾಗೇ!"

"ಭಾವ ಹೇಳೋದ್ರಲ್ಲಿ ತಪ್ಪೇನಿದೆ ರೀ?" ಟೀ ಲೋಟ ಇಡುತ್ತ ಹೆಂಡತಿ ಅಂದಳು. "ಇಲ್ಲಿ ವಿಜ್ಞಾನದ ಮೇಷ್ಟ್ರು ವರ್ಗವಾಗಿ ಹೋಗಿ ಎರಡು ತಿಂಗಳಾಯ್ತು."

ಅದು ನಿಜ. ಊರಿನ ಶಾಲೆಯನ್ನು ಎಲ್ಲರಿಗಿಂತ ಹೆಚ್ಚು ಬೈದವನೇ ಬಡಗಿ. ಸೋರುವ ಸೂರಿನ ಬಗ್ಗೆ ಹೆಡ್‌ಮಾಸ್ಟರಿಗೆ ಮುಖಕ್ಕೆ ಹೊಡೆದಂತೆ ಹೇಳಿ ಬಂದಿದ್ದ. ಆದರೆ ಈ ರಜೆಯಲ್ಲಿ ಎರಡೂ ಶಾಲೆಗಳ ಬೆಂಚು ರಿಪೇರಿ ಮಾಡಿದವನೂ ಅವನೇ. ಕೆಲಸ ಹಿಡಿಯುವ ಮೊದಲು ಕೋಣೆಕೋಣೆಗೂ ಹೋಗಿ ಬೆಂಚು ಎಣಿಸಿ, ಸವೆದದ್ದಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕುವುದು ಅವನ ರೂಢಿ.

"ಅಣ್ಣ, ನಿಮ್ಮಲ್ಲಿ ಒಂಬತ್ತನೇ ಕ್ಲಾಸಿಗೆ ಎಷ್ಟು ಬೆಂಚು?"

"ಬೆಂಚು ಕಟ್ಕೊಂಡು ಏನು ಮಾಡ್ತೀಯೋ?"

"ಮೂವತ್ತು. ನಾನೇ ಎಣಿಸಿದೀನಿ. ಮಕ್ಕಳು ಕೂತೂ ಕೂತೂ ಎಲ್ಲದರ ಅಂಚೂ ನುಣುಪಾಗಿದೆ. ಹತ್ತಕ್ಕೆ ಹನ್ನೊಂದೇ. ಮಿಕ್ಕ ಮಕ್ಕಳನ್ನ ಕಾಗೆ ಎತ್ಕೊಂಡು ಹೋಯ್ತಾ?"

ಅಣ್ಣ ಲೋಟ ಎತ್ತಿದವನು ಕುಡಿಯದೆ ಕೆಳಗಿಟ್ಟ. "ಕೆಲವರು ಬಿಟ್ಟು ಹೋಗ್ತಾರಪ್ಪ. ಎಲ್ಲಾ ಕಡೆ ಇರೋದೇ."

"ನಮ್ಮಲ್ಲಿ ಒಂಬತ್ತಕ್ಕೆ ಇಪ್ಪತ್ತು, ಹತ್ತಕ್ಕೆ ಹತ್ತೊಂಬತ್ತು. ಫೇಲಾಗೋರು ಆಗ್ತಾರೆ. ಆದ್ರೆ ಕೂತು ಬರೀತಾರೆ."

ಬಾಗಿಲಲ್ಲಿ ನಿಂತಿದ್ದ ಮಗಳು ಬಾಯಿ ಹಾಕಿದಳು. "ದೊಡ್ಡಪ್ಪ, ಹದಿನೇಳು ಬಂದೋರನ್ನ ಏನ್ ಮಾಡ್ತೀರಿ ಅಲ್ಲಿ?"

ಆ ಹುಡುಗಿಯನ್ನು ಹೆಗಲ ಮೇಲೆ ಹೊತ್ತು ತಿರುಗಿಸಿದವನು ಅಣ್ಣ. ಅವಳಿಗೆ ಸುಳ್ಳು ಹೇಳಲಾಗಲಿಲ್ಲ.

"ಒಂಬತ್ತರಲ್ಲಿ ಹಿಂದೆ ಬಿದ್ದೋರಿಗೆ ಟಿ.ಸಿ. ಕೊಟ್ಟು, ಹೊರಗಿನಿಂದ ಪರೀಕ್ಷೆ ಕಟ್ಟಿ ಅಂತೀವಿ. ಅವರ ರಿಸಲ್ಟು ನಮ್ಮ ಲೆಕ್ಕಕ್ಕೆ ಬರಲ್ಲ. ಆದ್ರೆ ನೀನು ನಮ್ಮನೆ ಮಗು. ನಾನಿಲ್ವಾ? ಹೆಡ್‌ಮಾಸ್ಟರಿಗೆ ಒಂದು ಮಾತು ಹೇಳಿದ್ರೆ..."

"ಆ ಟಿ.ಸಿ. ಬರೆಯೋ ಕೈ ಯಾರದು?" ಬಡಗಿ ಕೇಳಿದ.

"ಮೇಲಿಂದ ಹೇಳ್ತಾರೆ, ಬರೀತೀನಿ. ನನ್ನ ಕೆಲಸ ಕಣೋ ಅದು!"

ಹೆಂಡತಿ ಗಂಡನ ಕಡೆ ನೋಡಿದಳು. ಅರ್ಜಿಯನ್ನು ಅವಳೇ ಎತ್ತಿ ಭಾವನ ಮುಂದಿಟ್ಟಳು.

"ಇವಳು ಇಲ್ಲೇ ಓದ್ತಾಳೆ," ಅಂದ ಬಡಗಿ. "ಲೆಕ್ಕ ನಾನು ಹೇಳ್ಕೊಡ್ತೀನಿ. ನೂಲಿನಷ್ಟೂ ಅಳತೆ ತಪ್ಪದ ಹಾಗೆ ಬಾಗಿಲು ಕೂರಿಸೋನಿಗೆ ಒಂಬತ್ತನೇ ಕ್ಲಾಸಿನ ಲೆಕ್ಕ ಬರಲ್ವಾ? ವಿಜ್ಞಾನದ ಮೇಷ್ಟ್ರು ಬರೋ ತನಕ ಹೆಡ್‌ಮಾಸ್ಟರ ಆಫೀಸಿನ ಬಾಗಿಲಲ್ಲಿ ನಾನೇ ಕೂರ್ತೀನಿ. ಎಬ್ಬಿಸಲಿ ನೋಡೋಣ."

"ಸೊಕ್ಕು ನಿಂಗೆ! ನಾಳೆ ಬಂದು ನನ್ನ ಕಾಲು ಹಿಡೀಬೇಡ."

"ಮೇಜಿನ ಕಾಲು ಬಿಟ್ಟು ಇನ್ಯಾವ ಕಾಲನ್ನೂ ಹಿಡಿದೋನಲ್ಲ ನಾನು."

ಅಣ್ಣ ಅರ್ಜಿ ಮುದುರಿ ಜೇಬಿಗೆ ತುರುಕಿಕೊಂಡು ಚಪ್ಪಲಿ ಮೆಟ್ಟಿದ. "ಭಾವ, ಟೀನಾದ್ರೂ ಕುಡೀರಿ," ಎಂದು ಹೆಂಡತಿ ರಸ್ತೆಯವರೆಗೆ ಹೋಗಿ ಕೂಗಿದಳು. ಅವನು ತಿರುಗಿ ನೋಡದೆ ಬಸ್ಸು ಹತ್ತಿದ. ಆಮೇಲೆ ಆ ಮನೆಯ ಹೊಸ್ತಿಲು ತುಳಿಯಲೇ ಇಲ್ಲ.