ಇನ್ನು ಮೂರಡಿ

ಮಗಳು ಸಂದಿಗೆ ಸಲಾಕೆ ತೂರಿಸಿ ಅಪ್ಪ ಕಲ್ಲುಗಳನ್ನು ಕೂಡಿಡುತ್ತಿದ್ದ ಕೋಣೆಯ ಬಾಗಿಲನ್ನು ಮೀಟಿದಳು. ಮೂರನೆಯ ಸಲಕ್ಕೆ ಚಿಲಕ ಕಿತ್ತು ಬಂತು. ಬೆಳಗಿನಿಂದ ಕರೆದರೂ ಓಗೊಡದ ಅಪ್ಪ ಮೇಜಿನ ಬುಡದಲ್ಲಿ ಬಿದ್ದಿದ್ದರು. ಮೈ ತಣ್ಣಗಾಗಿತ್ತು. ಮುಷ್ಟಿಯಲ್ಲಿದ್ದ ಕಪ್ಪು ಕಲ್ಲನ್ನು ಬೆರಳು ಬಿಡಿಸಿ ತೆಗೆಯಬೇಕಾಯಿತು.

"ಮೇಸ್ತ್ರಿಗೆ ಹೇಳಿಕಳಿಸು," ಎಂದಳು ತಮ್ಮನಿಗೆ.

"ಅಪ್ಪನ ದವಡೆ ಮುರಿದವನಿಗಾ? ತಲೆ ಕೆಟ್ಟಿದೆಯೇನಕ್ಕಾ ನಿಂಗೆ?"

"ಅವನು ಬರದೆ ನನ್ನ ಮೇಲೆ ಮಣ್ಣು ಹಾಕ್ಬೇಡಿ ಅಂತ ಅಪ್ಪ ಎಷ್ಟು ಸಲ ಹೇಳಿಲ್ಲ? ನಿನ್ನ ಕೈಲಾಗದಿದ್ರೆ ಬಿಡು, ನಾನೇ ಕಳಿಸ್ತೀನಿ."

*

ಊರಾಚೆಯ ಬಯಲಿನಡಿ ಕಲ್ಲೆಣ್ಣೆಯಿದೆ ಎಂದು ಮೊದಲು ಹೇಳಿದವರು ಅಪ್ಪ. ಕಲ್ಲಿನ ಚೂರುಗಳನ್ನು ಮೂಸಿ, ನಾಲಿಗೆಗೆ ತಾಗಿಸಿ ನೋಡುತ್ತಿದ್ದ ಅವರನ್ನು ಜನ 'ಕಲ್ಲುನೆಕ್ಕ' ಎಂದು ಆಡಿಕೊಳ್ಳುತ್ತಿದ್ದರು. ಬಾವಿ ಕೊರೆಸುತ್ತಿದ್ದ ಮೇಸ್ತ್ರಿ ಮಾತ್ರ ನಂಬಿದ. ತನ್ನ ಒಡಹುಟ್ಟಿದ ತಮ್ಮನನ್ನೂ ಅದೇ ಕೆಲಸಕ್ಕೆ ತಂದ.

ಒಂದು ಮಧ್ಯಾಹ್ನ ಮೇಸ್ತ್ರಿ ಓಡಿಬಂದ. "ಬಾವಿ ಕೆಸರು ನೊರೆ ಉಕ್ಕಿಸ್ತಿದೆ ಸಾಹೇಬ್ರೇ, ಒಳಗೆ ಅನಿಲ ಇದೆ. ನಿಲ್ಸಿಬಿಡೋಣ."

"ಇನ್ನು ಮೂರಡಿ," ಎಂದರು ಅಪ್ಪ. "ಎಣ್ಣೆ ಹಿಡಿದ ಕಲ್ಲು ಒಂದು ತುಂಡು ಕೈಗೆ ಸಿಗಲಿ."

ಎರಡನೆಯ ಅಡಿಗೇ ನೆಲ ಗುಡುಗಿತು. ಕಬ್ಬಿಣದ ಕೊಳವೆಗಳು ಕಡ್ಡಿಗಳಂತೆ ಹಾರಿದವು. ಬೆಂಕಿ ಮುಗಿಲಿಗೇರಿತು. ಮೇಸ್ತ್ರಿಯ ತಮ್ಮ ಉರಿಯುತ್ತಲೇ ಇಪ್ಪತ್ತು ಹೆಜ್ಜೆ ಓಡಿ ಬಿದ್ದ. ಮೇಸ್ತ್ರಿ ಕೊಳವೆ ತಿರುಗಿಸುವ ಕಬ್ಬಿಣದ ಪಾನಾವನ್ನು ಅಪ್ಪನತ್ತ ಬೀಸಿದ. ಅಪ್ಪನ ದವಡೆ ಮುರಿದು ಹಲ್ಲುಗಳು ಕೆಸರಿಗೆ ಉದುರಿದವು. ಅಪ್ಪ ಕೈ ಅಡ್ಡ ಹಿಡಿಯಲಿಲ್ಲ. ದೂರೂ ಕೊಡಲಿಲ್ಲ. ಬಾವಿಯಿಂದ ಸಿಡಿದು ಬಂದ ಕಪ್ಪು ಕಲ್ಲೊಂದನ್ನು ಜೋಪಾನವಾಗಿ ಇಟ್ಟುಕೊಂಡರು. ಮೂವತ್ತು ವರ್ಷ ಅನ್ನವನ್ನು ಒಂದೇ ದವಡೆಯಲ್ಲಿ ಅಗಿದು ಉಂಡರು.

*

ಸಂಜೆ ಸ್ಮಶಾನದಲ್ಲಿ ಗುಂಡಿ ತೋಡುವವನು ಬಂಡೆ ಸಿಕ್ಕಿತೆಂದು ಕೈಚೆಲ್ಲಿ ಮೇಲೆ ಬಂದಿದ್ದ. ಆಗ ಮೇಸ್ತ್ರಿ ಬಂದ. ಬೆನ್ನು ಬಾಗಿತ್ತು. ಮಗಳ ತಮ್ಮ ಕೊರಳಪಟ್ಟಿ ಹಿಡಿದು ಅವನ ಮುಖಕ್ಕೆ ಗುದ್ದಿದ. ಮೂಗಿನಿಂದ ರಕ್ತ ಬಳಬಳನೆ ಸುರಿಯಿತು.

"ಹೊಡಿಯಪ್ಪಾ," ಎಂದ ಮೇಸ್ತ್ರಿ. "ನಿಮ್ಮಪ್ಪನೂ ಹೀಗೇ ನಿಂತಿದ್ದ."

ಎತ್ತಿದ ಮುಷ್ಟಿ ಇಳಿಯಿತು. ಮಗಳು ಕಪ್ಪು ಕಲ್ಲನ್ನು ಮುದುಕನ ಅಂಗೈಗಿಟ್ಟಳು.

"ಆ ಬಾವಿದು. ಸಾಯೋವಾಗ್ಲೂ ಕೈಲಿತ್ತು. ಅಪ್ಪನ್ನ ಕ್ಷಮಿಸ್ತೀರಾ ಮಾಮ?"

ಅವನು ಅದನ್ನು ಮೂಸಿದ. ನಾಲಿಗೆಗೆ ತಾಗಿಸಿದ.

"ಎಣ್ಣೆ ಇತ್ತು ಕಣಮ್ಮಾ. ಕಲ್ಲುನೆಕ್ಕ ಸುಳ್ಳು ಹೇಳಿರ್ಲಿಲ್ಲ." ಗುಂಡಿಯೊಳಗೆ ಇಣುಕಿದ. "ಇಷ್ಟು ಮೇಲೆ ಮಲಗಿಸ್ತೀರಾ? ನಾಯಿಗಳು ಕೆದಕಿ ಹಾಕ್ತವೆ. ಕೊಡು ಇಲ್ಲಿ."

ಗುಂಡಿ ತೋಡುವವನ ಹಾರೆ ಕಸಿದುಕೊಂಡು ಇಳಿದ.

"ಇನ್ನು ಮೂರಡಿ," ಎಂದ.

ಏಟಿಗೆ ಬಂಡೆಯಿಂದ ಕಿಡಿ ಹಾರಿತು. ಮಗಳು ಬೆಚ್ಚಿ ಕೈಮುಗಿದಳು. ದೇವರೇ, ಈ ಸಲ ನೆಲ ಸುಮ್ಮನಿರಲಿ. ಆ ಬೆಂಕಿಯಲ್ಲಿ ಮೊದಲೇ ಹೋದ ಹುಡುಗನಿಗೂ, ಈಗ ಇಳಿಯುವ ನನ್ನಪ್ಪನಿಗೂ ಒಂದೇ ಶಾಂತಿ ಕೊಡು.